ತುಳುನಾಡಿನಲ್ಲಿ ಮಾದಕದ್ರವ್ಯಗಳ ಪೂರ್ವೋತ್ತರ

‘ವ್ಯಸನ’ವೆಂಬ ಶಬ್ದಕ್ಕೆ ಕನ್ನಡದಲ್ಲಿ ದುರಭ್ಯಾಸವೆಂದೂ ದುಃಖವೆಂದೂ ಎರಡರ್ಥಗಳು ರೂಢಿಯಲ್ಲಿವೆ. ಮನುಷ್ಯನನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯತಕ್ಕದ್ದಾದುದರಿಂದ ಅದಕ್ಕೆ ಈ ಹೆಸರು ಬಂದಿತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಿರ್ವಚನ ಮಾಡಿದ್ದಾನೆ. ಮನುವು ಅರಸನಿಗೆ ವರ್ಜ್ಯವಾದ ಹದಿನೆಂಟು ವ್ಯಸನಗಳನ್ನು ಎಣಿಸುವಾಗಲೂ, ಜೈನಾಚಾರ್ಯರು ಶ್ರಾವಕನಿಗೆ ವರ್ಜ್ಯವಾದ ಸಪ್ತವ್ಯಸನಗಳನ್ನು ಎಣಿಸುವಾಗಲೂ ಮದವನ್ನೂ ಮದ್ಯವನ್ನೂ ಮರೆತಿಲ್ಲ. ಶಬ್ದದ ಎರಡು ಅರ್ಥಗಳು ಕೋಶದಲ್ಲಿ ಬೇರೆ ಬೇರೆಯಾದರೂ ಲೋಕದಲ್ಲಿ ಒಂದೇ ಮನೆಯಲ್ಲಿ ವಾಸಿಸುತ್ತವೆ. ಮಗನದು ದುರಭ್ಯಾಸವಾದರೆ ತಾಯಿಯದು ದುಃಖ. ಈ ದುರಭ್ಯಾಸದ ವಸ್ತುಗಳು ಕಾಲಕಾಲಕ್ಕೆ ಹೇಗೆ ಬದಲಾಗುತ್ತ ಬಂದುವು, ಯಾವುದು ಯಾವಾಗ ನ್ಯಾಯಸಮ್ಮತವಾಗಿತ್ತು, ಯಾವಾಗ ನಿಷಿದ್ಧವಾಯಿತು ಎಂಬುದನ್ನು ಅರಿಯದೆ ಇಂದಿನ ಕೇಡಿಗೆ ಮದ್ದು ಹುಡುಕುವುದು, ರೋಗದ ನಿದಾನವಿಲ್ಲದೆ ಚಿಕಿತ್ಸೆಗೆ ತೊಡಗಿದಂತಾಗುವುದು.

ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ಮಾರ್ಗದಲ್ಲಿರುವ ಅಳದಂಗಡಿಯು ಹೆಸರಿನಿಂದಲೇ ಅಂಗಡಿಯ ಊರು. ವೇಣೂರಿನ ಸೀಮೆಯನ್ನಾಳಿದ ಅಜಿಲರ ಅರಮನೆಯು ಇಲ್ಲಿದೆ. ಆ ವಂಶದ ತಿಮ್ಮಣ್ಣಾಜಿಲನು 1604ರಲ್ಲಿ ಫಲ್ಗುಣೀ ತೀರದ ವೇಣೂರಿನಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದನು. 2024ರಲ್ಲಿ ಅದಕ್ಕೆ ಮಹಾಮಸ್ತಕಾಭಿಷೇಕವು ನಡೆಯಿತು. ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕರ ಮೂಲಗುಣಗಳಲ್ಲಿ ಸೇರಿದುದು. ಅದೇ ಸೀಮೆಯಲ್ಲಿ ತೆಂಗು ತಾಳೆಗಳಿಂದ ಕಳ್ಳಿಳಿಸುವುದು ಬಿಲ್ಲವರ ಕುಲವೃತ್ತಿಗಳಲ್ಲೊಂದಾಗಿತ್ತು. ಕೊರಗಜ್ಜನಿಗೆ ವೀಳ್ಯ ಚಕ್ಕುಲಿಗಳೊಡನೆ ಕಳ್ಳನ್ನು ಒಪ್ಪಿಸುವ ಪದ್ಧತಿಯು ಇಂದಿಗೂ ಉಂಟು. ಹೀಗೆ ತ್ಯಾಗವೂ ಪಾನವೂ ನೆರೆಹೊರೆಯಲ್ಲಿ ಬಾಳಿದುವು. ಕುಡಿಯುವವನು ಎಲ್ಲರ ಕಣ್ಣೆದುರಿಗೆ ಕುಡಿಯುತ್ತಿದ್ದನು. ಅದರಿಂದ ಸಂಸಾರಗಳು ಕೆಡಲಿಲ್ಲವೆಂದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಓದಿದವರಿಗೆ ಕಳ್ಳೂ ಸಾಲವೂ ಬಡವನ ಗುಡಿಸಲಿನಲ್ಲಿ ಹೇಗೆ ಜೊತೆಗೂಡಿದ್ದುವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಕೇಡು ಯಾರಿಗೂ ಗುಟ್ಟಾಗಿರಲಿಲ್ಲ.

ಗಾಂಜಾ ಅಫೀಮುಗಳ ಕಥೆ ಬೇರೆ. ಅಥರ್ವವೇದದಲ್ಲಿ ಸೋಮನನ್ನು ಮುಂದಾಳಾಗಿ ಉಳ್ಳ ಐದು ಓಷಧಿಗಳಲ್ಲಿ ಭಂಗದ ಹೆಸರಿದೆ. ಅಮರಸಿಂಹನು ಭಂಗೆಯನ್ನು ವೈಶ್ಯವರ್ಗದಲ್ಲಿ, ಹೊಲದ ಬೆಳೆಗಳ ನಡುವೆ ಹೇಳಿದ್ದಾನೆ. ‘ಗಂಜಾ’ ಎಂಬ ಶಬ್ದಕ್ಕಾದರೋ ಆತನು ಕೊಟ್ಟ ಅರ್ಥವು ಹೆಂಡದ ಮನೆಯೆಂದು. ಅಫೀಮು ಪರದೇಶದಿಂದ ಬಂದ ವಸ್ತು. ಚರಕ ಸುಶ್ರುತ ವಾಗ್ಭಟರಿಗೆ ಅದರ ಪರಿಚಯವಿರಲಿಲ್ಲ. ಗ್ರೀಕರ ‘ಓಪಿಯಾನ್’ ಅರಬರಲ್ಲಿ ‘ಅಫ್ಯೂನ್’ ಆಯಿತು. ಅದನ್ನು ಕೇಳಿದ ಸಂಸ್ಕೃತ ವೈದ್ಯರು ‘ಅಹಿಫೇನ’, ಎಂದರೆ ಹಾವಿನ ನೊರೆ, ಎಂಬ ಹೆಸರನ್ನಿತ್ತರು. ಧ್ವನಿಸಾಮ್ಯದಿಂದ ಹುಟ್ಟಿದ ಹೆಸರಾದರೂ ಅರ್ಥಕ್ಕೆ ತಪ್ಪಿಲ್ಲ. ಶಾರ್ಙ್ಗಧರನು, ಜೀರ್ಣವಾಗುವುದಕ್ಕೆ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ‘ವ್ಯವಾಯಿ’ ದ್ರವ್ಯಗಳಿಗೆ ಭಂಗೆಯನ್ನೂ ಅಹಿಫೇನವನ್ನೂ ಉದಾಹರಿಸಿದ್ದಾನೆ. ಇವೆರಡೂ ಶಾಸ್ತ್ರದೊಳಗೆ ಬಂದುದು ಔಷಧಗಳಾಗಿ ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಪಶ್ಚಿಮ ಸಮುದ್ರದ ಕರೆಯಲ್ಲಿ ಇವುಗಳ ಬಳಕೆಯಿತ್ತೆಂಬುದಕ್ಕೆ ಪರದೇಶಿಗಳ ಗ್ರಂಥಗಳೇ ಸಾಕ್ಷಿ. ಪೋರ್ತುಗೀಸ್ ವೈದ್ಯನಾದ ಗಾರ್ಸಿಯಾ ದ ಓರ್ತನು 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಸಂವಾದರೂಪದ ಗ್ರಂಥದಲ್ಲಿ ಭಂಗಿ, ಅಫೀಮು ಎರಡನ್ನೂ ಕುರಿತು ಪ್ರತ್ಯೇಕವಾಗಿ ವಿವರಿಸಿದ್ದಾನೆ. ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಸಸ್ಯಗ್ರಂಥದಲ್ಲಿ ಈ ಗಿಡದ ಚಿತ್ರವನ್ನು ಮಲೆಯಾಳದ ‘ಕಂಜಾವು’ ಎಂಬ ಹೆಸರಿನಿಂದಲೇ ಕೊಡಿಸಿದನು. ಆ ಮಹಾಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುದನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ವೈದ್ಯರೂ ಇದ್ದರು.

ಅರಸು ಮಾದಕದ್ರವ್ಯಗಳಿಗೆ ಹೇಗೆ ಎದುರಾಗಬೇಕೆಂಬುದಕ್ಕೂ ಹಳೆಯ ಮಾದರಿ ಇದೆ. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು ಹಸ್ತಪ್ರತಿಯಿಂದ ಉದ್ಧರಿಸಿ 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದುಂಟು. ಸುರೆಯನ್ನು ಗ್ರಾಮದಿಂದ ಹೊರಕ್ಕೆ ಒಯ್ಯಗೊಡಬಾರದು, ಅಂಗಡಿಗಳು ಒತ್ತೊತ್ತಾಗಿರಬಾರದು, ಶೀಲವನ್ನು ಬಲ್ಲವರಿಗೆ ಮಾತ್ರ ಸ್ವಲ್ಪ ಪ್ರಮಾಣದಲ್ಲಿ ಕೊಡಬೇಕು ಎಂಬ ವಿಧಿಗಳು ಅಲ್ಲಿವೆ. ಜನರ ಹಿತಕ್ಕಾಗಿ ಕಾವಲು, ಬೊಕ್ಕಸಕ್ಕಾಗಿ ಮಾರಾಟ, ಈ ಎರಡೂ ಒಬ್ಬನೇ ಅಧಿಕಾರಿಯ ಕೈಯಲ್ಲಿದ್ದುವು. ಮುಂದಿನ ಚರಿತ್ರೆಯಲ್ಲೆಲ್ಲ ಕಾಣುವ ತೊಡಕಿನ ಬೀಜವು ಇಲ್ಲಿಯೇ ಇದೆ.

ಆ ಬೀಜವನ್ನು ಹೆಮ್ಮರವಾಗಿ ಬೆಳೆಯಿಸಿದುದು ಈಸ್ಟ್ ಇಂಡಿಯಾ ಕಂಪೆನಿ. ವಾರನ್ ಹೇಸ್ಟಿಂಗ್ಸನು 1773ರಲ್ಲಿ ಬಂಗಾಳದ ಅಫೀಮನ್ನು ಕಂಪೆನಿಯ ಏಕಸ್ವಾಮ್ಯಕ್ಕೆ ತಂದನು. ಅದು ಹಡಗುಗಳನ್ನೇರಿ ಚೀನಕ್ಕೆ ಹೋಯಿತು. ಚೀನದ ಚಕ್ರವರ್ತಿಯು ತಡೆದುದಕ್ಕಾಗಿ 1839ರಲ್ಲೂ 1856ರಲ್ಲೂ ಯುದ್ಧಗಳಾದುವು. ಒಂದು ದೇಶದ ನಿಷೇಧವನ್ನು ಇನ್ನೊಂದು ದೇಶದ ಫಿರಂಗಿಯು ಮುರಿದ ಈ ಪ್ರಸಂಗವು ಲೋಕಕ್ಕೆ ನಾಚಿಕೆಯನ್ನುಂಟುಮಾಡಿದರೂ, ಅಫೀಮಿನ ಹುಟ್ಟುವಳಿಯು ಭೂಕಂದಾಯ, ಉಪ್ಪಿನ ತೆರಿಗೆಗಳ ಜೊತೆಯಲ್ಲಿ ಎಣಿಸತಕ್ಕ ಆದಾಯವಾಗಿ ಉಳಿಯಿತು. ಕೆನರಾ ಜಿಲ್ಲೆಯು ಟೀಪುವಿನ ಪತನಾನಂತರ 1799ರಲ್ಲಿ ಕಂಪೆನಿಯ ವಶವಾಗಿ, 1862ರಲ್ಲಿ ಅದರ ಉತ್ತರಭಾಗವು ಮುಂಬಯಿಗೆ ಸೇರಿ, ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ನಿಂತಿತು. ತುಳುನಾಡಿನ ಮಳೆಗೆ ಗಸಗಸೆಯ ಬೆಳೆ ಒಗ್ಗದು; ಆದುದರಿಂದ ಇಲ್ಲಿ ಅಫೀಮು ಬೆಳೆಯಲಿಲ್ಲ, ಅಂಗಡಿಗೆ ಬಂದಿತು. 1878ರ ಅಫೀಮು ಕಾಯಿದೆ, 1886ರ ಮದ್ರಾಸು ಅಬ್ಕಾರಿ ಕಾಯಿದೆ ಇವುಗಳ ಮೂಲಕ ಅಫೀಮು, ಗಾಂಜಾ, ಸಾರಾಯಿ, ಕಳ್ಳು ಎಲ್ಲವೂ ಪರವಾನಗಿಯ ವಸ್ತುಗಳಾದುವು. ಕಾನೂನುಬಾಹಿರವೆಂಬ ಮಾತು ಈ ವಸ್ತುಗಳಿಗೆ ಅಂಟಿಕೊಂಡುದು ಹೀಗೆ. ತೆರಿಗೆ ಕೊಟ್ಟ ಗಾಂಜಾ ನ್ಯಾಯವಾದುದು, ಕೊಡದ ಗಾಂಜಾ ಕಳ್ಳಮಾಲು; ಸೇದುವವನ ದೇಹಕ್ಕೆ ಎರಡೂ ಒಂದೇ.

ಇದಕ್ಕೆ ಆಕ್ಷೇಪವೂ ಎದ್ದಿತು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದ ಮೇಲೆ 1893ರಲ್ಲಿ ಗಾಂಜಾ, ಭಂಗಿ, ಚರಸ್‌ಗಳ ವಿಚಾರಣೆಗೆ ಒಂದು ಆಯೋಗವೂ ಅಫೀಮಿನ ವಿಚಾರಣೆಗೆ ಒಂದು ರಾಯಲ್ ಆಯೋಗವೂ ನೇಮಕವಾದುವು. ಮೊದಲನೆಯದು ಮದ್ರಾಸು ಪ್ರಾಂತವನ್ನೂ ಒಳಗೊಂಡು ದೇಶದಲ್ಲೆಲ್ಲ 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿಯನ್ನೊಪ್ಪಿಸಿತು. ಮಿತವಾದ ಸೇವನೆಯಿಂದ ಹೇಳತಕ್ಕ ಹಾನಿಯಿಲ್ಲ, ಮಿತಿಮೀರಿದುದರಿಂದ ಹಾನಿಯುಂಟು, ಪೂರ್ಣನಿಷೇಧವು ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಬಹುದು ಎಂಬುದು ಅದರ ನಿರ್ಣಯ. ಆಯೋಗದಲ್ಲಿದ್ದ ಮೂವರು ಭಾರತೀಯರಲ್ಲಿ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಲಾಲಾ ನಿಹಾಲ್ ಚಂದ್ ಇವರು ಭಿನ್ನಾಭಿಪ್ರಾಯವನ್ನು ಬರೆದಿಟ್ಟರು. ಇಂದು ಗಾಂಜಾವನ್ನು ಸಮರ್ಥಿಸುವವರು ಈ ವರದಿಯನ್ನು ಉದಾಹರಿಸುವುದುಂಟು. ಅಂದಿನ ಸಾಕ್ಷಿಗಳು ಹೇಳಿದುದು ವಯಸ್ಕನಾದ ಬೈರಾಗಿ, ಕೂಲಿಗಾರ ಮೊದಲಾದವರ ವಿಷಯವನ್ನೇ ಹೆಚ್ಚಾಗಿ. ಮೆದುಳಿನ ಬೆಳವಣಿಗೆಯು ಇನ್ನೂ ಮುಗಿಯದ ಹದಿಹರೆಯದ ವಿದ್ಯಾರ್ಥಿಯ ವಿಷಯವನ್ನಲ್ಲ. ಈ ಭೇದವನ್ನು ಮರೆತು ಆ ವರದಿಯನ್ನು ಓದಲಾಗದು.

ತರುವಾಯದ ಸುಧಾರಣೆಯು ಸಮಾಜದ ಒಳಗಿನಿಂದಲೇ ಹುಟ್ಟಿತು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನ ಪ್ರತಿಷ್ಠೆಯನ್ನು ಮಾಡಿದ ನಾರಾಯಣ ಗುರುಗಳು, ಕಳ್ಳನ್ನು ಇಳಿಸುವುದೂ ಕೊಡುವುದೂ ಕುಡಿಯುವುದೂ ಕೂಡದೆಂದು ಆ ವೃತ್ತಿಯವರಿಗೇ ಉಪದೇಶಿಸಿದರು. ಹೊಟ್ಟೆಯ ಪಾಡಿನ ವೃತ್ತಿಯನ್ನು ಬಿಡೆಂದು ಹೇಳುವುದಕ್ಕೂ, ಕೇಳಿದವರು ಅದನ್ನು ಗೌರವದಿಂದ ಸ್ವೀಕರಿಸುವುದಕ್ಕೂ ಎಂಥ ನೈತಿಕ ಬಲವು ಬೇಕೆಂಬುದನ್ನು ವಾಚಕರು ಊಹಿಸಬಹುದು. ಅನಂತರ ಗಾಂಧೀಜಿಯವರ ಚಳುವಳಿಯಲ್ಲಿ ಹೆಂಡದಂಗಡಿಗಳ ಮುಂದೆ ಕಾವಲು ನಿಲ್ಲುವುದು ಸತ್ಯಾಗ್ರಹದ ಒಂದು ಅಂಗವಾಯಿತು. ರಾಜಾಜಿಯವರ ಮಂತ್ರಿಮಂಡಲವು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ತಂದಿತು. ಬೊಕ್ಕಸದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ವಿಧಿಸಬೇಕಾಯಿತು. 1948ರ ಅಕ್ಟೋಬರ್ 2ರಿಂದ ಪಾನನಿರೋಧವು ಮದ್ರಾಸು ಪ್ರಾಂತಕ್ಕೆಲ್ಲ ವ್ಯಾಪಿಸಿತು. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿ, ಆ ರಾಜ್ಯವು 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು.

ಅಂಗಡಿ ಮುಚ್ಚಿದಲ್ಲಿ ಕಾಡಿನೊಳಗೆ ಕಳ್ಳಭಟ್ಟಿ ಹೊತ್ತಿಕೊಳ್ಳುವುದು ಪಾನನಿರೋಧದ ಕಾಲದಲ್ಲಿ ಎಲ್ಲೆಡೆಯೂ ಕಂಡ ಸಂಗತಿ. ಈ ಪಾಠವು ಮರುಕಳಿಸಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಯಿತು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಪ್ರದೇಶಗಳಲ್ಲಿ ವಿಷಮದ್ಯದಿಂದ 150ಕ್ಕೂ ಹೆಚ್ಚು ಜನರು ಮಡಿದರು. ನಿಷೇಧವೇ ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೇಡಿಕೆಯನ್ನು ಹಾಗೆಯೇ ಉಳಿಸಿ ವಸ್ತುವನ್ನು ಮಾತ್ರ ತೆಗೆದರೆ ಅದರ ಸ್ಥಾನಕ್ಕೆ ಇನ್ನೂ ಘೋರವಾದುದು ಬರುವುದೆಂಬುದಷ್ಟೇ ಸಿದ್ಧವಾಗುವುದು.

ಅಫೀಮು ಗಾಂಜಾಗಳ ನಿಷೇಧವು ಬಂದುದು ಮುಖ್ಯವಾಗಿ ರಾಷ್ಟ್ರಗಳೊಳಗಣ ಒಪ್ಪಂದಗಳ ಮೂಲಕ. 1912ರಲ್ಲಿ ಹೇಗ್ ನಗರದಲ್ಲೂ 1925ರಲ್ಲಿ ಜಿನೀವದಲ್ಲೂ ಒಪ್ಪಂದಗಳಾದುವು. 1930ರಲ್ಲಿ ಭಾರತದಲ್ಲಿ ಅಪಾಯಕರ ಔಷಧಗಳ ಕಾಯಿದೆಯು ಬಂದಿತು. ಸ್ವತಂತ್ರ ಭಾರತದಲ್ಲಿ 1949ರಲ್ಲಿ ಸೇರಿದ ಅಖಿಲ ಭಾರತ ಅಫೀಮು ಸಮ್ಮೇಳನವು ಔಷಧಕ್ಕಲ್ಲದ ಅಫೀಮಿನ ಮಾರಾಟವನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಲು ನಿಶ್ಚಯಿಸಿತು. ಅದು 1959ರಲ್ಲಿ ನೆರವೇರಿತು. 1961ರ ಅಂತಾರಾಷ್ಟ್ರೀಯ ಒಪ್ಪಂದವು ಗಾಂಜಾಕ್ಕೆ ಇಪ್ಪತ್ತೈದು ವರ್ಷಗಳ ಗಡುವನ್ನು ಕೊಟ್ಟಿತ್ತು. ತದನುಸಾರವಾಗಿ ಎನ್.ಡಿ.ಪಿ.ಎಸ್. ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಕಾಯಿದೆಯು 1985ರ ನವೆಂಬರ್ 14ರಂದು ಜಾರಿಗೆ ಬಂದಿತು. ಅದರಲ್ಲಿ ಗಾಂಜಾವೆಂದರೆ ಗಿಡದ ಹೂವು ಕಾಯಿಗಳುಳ್ಳ ತುದಿಗಳು. ಬರಿಯ ಎಲೆ ಬೀಜಗಳು ಆ ಲಕ್ಷಣಕ್ಕೆ ಹೊರಗು. ಗಸಗಸೆಯ ಬೀಜವೂ ನಿಷಿದ್ಧವಲ್ಲ. ಹಾಗಿಲ್ಲದಿದ್ದರೆ ಹಬ್ಬದ ದಿನ ಗಸಗಸೆ ಪಾಯಸವೇ ಅಪರಾಧವಾಗುತ್ತಿತ್ತು. ಆದರೆ ಅದೇ ಗಸಗಸೆಯನ್ನು ಗಂಟಿನಲ್ಲಿ ಕಟ್ಟಿಕೊಂಡು ಅರಬರ ಕೊಲ್ಲಿಯ ಕೆಲವು ದೇಶಗಳಿಗೆ ಹೋಗುವುದು ಸೆರೆಮನೆಗೆ ದಾರಿ ಎಂಬುದನ್ನು ಈ ಜಿಲ್ಲೆಯ ಅನೇಕ ಕುಟುಂಬಗಳು ಬಲ್ಲುವು.

ಈ ಎರಡು ಶತಮಾನಗಳಲ್ಲಿ ಕಾನೂನು ಬದಲಾದಂತೆ ವಸ್ತುವೂ ಬದಲಾಯಿತು. ಇದೇ ಈ ಚರಿತ್ರೆಯ ಮುಖ್ಯಾಂಶ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಸೆರ್ಟ್ಯುರ್ನರನು ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದನು. ಮಾರ್ಫಿನಿನಿಂದ 1874ರಲ್ಲಿ ಲಂಡನಿನಲ್ಲಿ ಮತ್ತೊಂದು ವಸ್ತುವು ಸಿದ್ಧವಾಯಿತು. ಅದನ್ನು 1898ರಲ್ಲಿ ಬೇಯರ್ ಕಂಪೆನಿಯು ‘ಹೆರಾಯಿನ್’ ಎಂಬ ಹೆಸರಿನಿಂದ ಕೆಮ್ಮಿನ ಮದ್ದಾಗಿ ಮಾರಿತು. ಎಂ.ಡಿ.ಎಂ.ಎ. ಎಂಬುದಕ್ಕೆ ಹೊಲವೂ ಬೇಡ, ಹೂವೂ ಬೇಡ; ಅದು 1912ರಲ್ಲಿ ಜರ್ಮನಿಯ ಮೆರ್ಕ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದುದು. ಕಾಯಿದೆಯು ಶಿಕ್ಷೆಯ ತರತಮಕ್ಕಾಗಿ ಇಟ್ಟಿರುವ ‘ಅಲ್ಪ ಪ್ರಮಾಣ’ದ ಪಟ್ಟಿಯನ್ನು ನೋಡಿದರೆ ಈ ಕ್ರಮವು ಕಣ್ಣಿಗೆ ಕಟ್ಟುವುದು: ಗಾಂಜಾ 1 ಕಿಲೋಗ್ರಾಂ, ಅಫೀಮು 25 ಗ್ರಾಂ, ಹೆರಾಯಿನ್ 5 ಗ್ರಾಂ, ಎಂ.ಡಿ.ಎಂ.ಎ. ಅರ್ಧ ಗ್ರಾಂ, ಎಲ್.ಎಸ್.ಡಿ. ಎಂಬುದು ಒಂದು ಗ್ರಾಮಿನ ಐನೂರರಲ್ಲೊಂದು ಪಾಲು. ಹಿಂದೆ ಹೊರೆಯಾಗಿ ಬರುತ್ತಿದ್ದುದು ಈಗ ಉಗುರಿನ ಮರೆಯಲ್ಲಿ ಬರುತ್ತದೆ. ಕಳ್ಳಿಗೆ ವಾಸನೆಯುಂಟು, ಗಾಂಜಾಕ್ಕೆ ಹೊಗೆಯುಂಟು. ಮನೆಯವರ ಮೂಗಿಗೂ ಕಣ್ಣಿಗೂ ತಿಳಿಯುತ್ತಿತ್ತು. ಗುಳಿಗೆಗೆ ಅವೆರಡೂ ಇಲ್ಲ. ಪ್ರಮಾಣವು ಕಿರಿದಾದಂತೆ ವಿಷವು ಹಿರಿದಾಯಿತು. ವಿಷವು ಹಿರಿದಾದಂತೆ ಅದು ಊರಿನ ನೋಟದಿಂದ ಮರೆಯಾಯಿತು.

ದೇಶದ ಅಂಕಿಗಳೂ ಈ ಮಾತನ್ನೇ ಹೇಳುತ್ತವೆ. 1980ರ ದಶಕದಲ್ಲಿ ಮುಂಬಯಿ ದೆಹಲಿಗಳಲ್ಲಿ ‘ಬ್ರೌನ್ ಶುಗರ್’ ಎಂಬ ಕೀಳುತರದ ಹೆರಾಯಿನ್ ಹಬ್ಬಿತು. 2000–01ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12ರಿಂದ 60 ವರ್ಷದ ಗಂಡಸರಲ್ಲಿ ಅಫೀಮು ಮತ್ತು ಅದರ ವರ್ಗದವುಗಳನ್ನು ಸೇವಿಸುವವರು ನೂರಕ್ಕೆ 0.7, 2019ರಲ್ಲಿ ಪ್ರಕಟವಾದ, ಎರಡು ಲಕ್ಷಕ್ಕೂ ಮಿಕ್ಕ ಮನೆಗಳನ್ನು ವಿಚಾರಿಸಿದ ದೆಹಲಿಯ ಏಮ್ಸ್ ಸಂಸ್ಥೆಯ ಸಮೀಕ್ಷೆಯಲ್ಲಿ ಹೆಂಗಸರನ್ನೂ ಸೇರಿಸಿಯೇ ನೂರಕ್ಕೆ 2.1, ಎಂದರೆ ಸುಮಾರು 2.26 ಕೋಟಿ. ಎರಡು ಸಮೀಕ್ಷೆಗಳ ಕ್ರಮವು ಒಂದೇ ಅಲ್ಲವಾದುದರಿಂದ ಅವುಗಳನ್ನು ಅಕ್ಷರಶಃ ತಾಳೆ ಹಾಕಲಾಗದು; ಆದರೂ ಒಳಗಣ ಪಾಲು ಗಮನಾರ್ಹವಾದುದು. ಹೆರಾಯಿನ್ ಸೇವಿಸುವವರು ನೂರಕ್ಕೆ 1.14, ಔಷಧದಂಗಡಿಯ ನೋವಿನ ಗುಳಿಗೆ ಕೆಮ್ಮಿನ ಮದ್ದುಗಳನ್ನು ದುರುಪಯೋಗ ಮಾಡುವವರು 0.96, ಹಳೆಯ ಅಫೀಮನ್ನು ಸೇವಿಸುವವರು 0.52 ಮಾತ್ರ. ಗಾಂಜಾ ಭಂಗಿಗಳನ್ನು ಸೇವಿಸುವವರು ನೂರಕ್ಕೆ 2.8. ಅಂಟು, ಬಣ್ಣದ ದ್ರಾವಕ ಮೊದಲಾದವುಗಳನ್ನು ಮೂಸುವ ಒಂದೇ ಚಟದಲ್ಲಿ ವಯಸ್ಕರಿಗಿಂತ ಮಕ್ಕಳ ಪ್ರಮಾಣವು ಹೆಚ್ಚಾಗಿತ್ತು. ಇವೆಲ್ಲಕ್ಕಿಂತಲೂ ಮೇಲೆ, ನೂರಕ್ಕೆ 14.6 ಜನರು ಮದ್ಯಪಾನಿಗಳು. ಅದು ಕಾನೂನಿಗೆ ಒಳಪಟ್ಟುದಾದುದರಿಂದ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ.

ಈಗ ಮತ್ತೆ ಕರಾವಳಿಗೆ ಬರೋಣ. ಒಂದು ಕಡೆ ರೈಲು, ಹೆದ್ದಾರಿ, ಬಂದರು, ವಿಮಾನಗಳು ಕೂಡುವ ಮಂಗಳೂರು. ಇನ್ನೊಂದು ಕಡೆ ಮೂಡಬಿದಿರೆ, ಉಜಿರೆಗಳಂತಹ ವಿದ್ಯಾಕೇಂದ್ರಗಳು. ಪರಸ್ಥಳಗಳಿಂದ ಬಂದು ಬಾಡಿಗೆಯ ಕೋಣೆಗಳಲ್ಲಿರುವ ಸಾವಿರಾರು ತರುಣರು ಈ ಜಿಲ್ಲೆಯ ಹೆಮ್ಮೆ. ವಿಷದ ವ್ಯಾಪಾರಿಗೆ ಅವರೇ ಹೊಲ. ಆಂಧ್ರ ಒಡಿಶಾಗಳ ಗಡಿಬೆಟ್ಟಗಳಲ್ಲಿ ಕದ್ದು ಬೆಳೆದ ಗಾಂಜಾ ಇತ್ತ ಬರುವುದು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣವೊಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಬಂಧಿತರಾದಾಗ, ಇದು ಅವಿದ್ಯಾವಂತರ ಚಟವೆಂಬ ನಂಬಿಕೆಯು ಕಳಚಿತು. 2024ರಲ್ಲಿ ಮಂಗಳೂರಿನಲ್ಲಿ 15 ಗ್ರಾಂ ಎಂ.ಡಿ.ಎಂ.ಎ. ಸಿಕ್ಕಿದ ಒಂದು ಪ್ರಕರಣದ ಎಳೆಯನ್ನು ಹಿಡಿದು ಹೋದ ನಗರ ಪೋಲೀಸರು, 2025ರ ಮಾರ್ಚಿಯಲ್ಲಿ ದೆಹಲಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದ ಇಬ್ಬರು ವಿದೇಶೀಯ ಸ್ತ್ರೀಯರಿಂದ 37.87 ಕಿಲೋಗ್ರಾಮಿನಷ್ಟನ್ನು ವಶಪಡಿಸಿಕೊಂಡುದಾಗಿ ತಿಳಿಸಿದರು. ಅದರ ಬೆಲೆಯನ್ನು ಸುಮಾರು 75 ಕೋಟಿ ರೂಪಾಯಿಗಳೆಂದು ಅಂದಾಜು ಮಾಡಲಾಯಿತು. ಅರ್ಧ ಗ್ರಾಮಿನಂತೆ ಹಂಚಿದರೆ ಎಪ್ಪತ್ತೈದು ಸಾವಿರಕ್ಕೂ ಮಿಕ್ಕ ಪೊಟ್ಟಣಗಳಾದಾವು.

ಇಂಥ ವಶಪಡಿಕೆಯ ವಾರ್ತೆಗಳಿಂದ ಪೋಲೀಸರ ದಕ್ಷತೆಯನ್ನು ಅಳೆಯಬಹುದು. ವ್ಯಸನದ ಆಳವನ್ನು ಅಳೆಯಲಾಗದು. ಹಿಡಿದುದು ಹೆಚ್ಚಾದರೆ ಬಳಕೆ ಹೆಚ್ಚಿತೋ, ಹುಡುಕಾಟ ಹೆಚ್ಚಿತೋ ಹೇಳುವಂತಿಲ್ಲ. ನಿಜವಾದ ಅಳತೆಗೋಲು ಚಿಕಿತ್ಸೆ. ಅದೇ 2019ರ ಸಮೀಕ್ಷೆಯಲ್ಲಿ, ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೊಬ್ಬನು ಮಾತ್ರ ಯಾವುದಾದರೂ ಚಿಕಿತ್ಸೆಯನ್ನು ಪಡೆದುದಾಗಿ ತಿಳಿದುಬಂದಿತು. ಉಳಿದ 37 ಮಂದಿಯನ್ನು ತಡೆದುದರಲ್ಲಿ ವೈದ್ಯರ ಅಭಾವವೂ ಒಂದು. ಮನೆತನದ ಮಾನವೆಂಬುದು ಮತ್ತೊಂದು. ಮಗನಿಗೆ ಜ್ವರ ಬಂದರೆ ಊರಿಗೆ ಹೇಳುವವರು, ಈ ರೋಗ ಬಂದರೆ ಕದವನ್ನು ಮುಚ್ಚುತ್ತಾರೆ. ಹುಡುಗಿಯ ಮದುವೆಗೆ ಅಡ್ಡಿಯಾದೀತೆಂದೂ ಪೋಲೀಸರು ಬಂದಾರೆಂದೂ ಅಂಜಿಕೆ. ಆದರೆ ಕಾಯಿದೆಯ 64ಎ ಪ್ರಕರಣವು ಏನು ಹೇಳುತ್ತದೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು: ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧವನ್ನು ಹೊತ್ತ ವ್ಯಸನಿಯು ತಾನಾಗಿ ಸರಕಾರದ ಅಥವಾ ಸರಕಾರವು ಮನ್ನಿಸಿದ ಚಿಕಿತ್ಸಾಲಯದಲ್ಲಿ ಚಿಕಿತ್ಸೆಗೊಳಗಾದರೆ ಅವನ ಮೇಲೆ ಅಭಿಯೋಗವು ನಡೆಯತಕ್ಕದ್ದಲ್ಲ, ಚಿಕಿತ್ಸೆಯನ್ನು ಪೂರೈಸದಿದ್ದರೆ ಮಾತ್ರ ಆ ವಿನಾಯಿತಿಯನ್ನು ಹಿಂತೆಗೆಯಬಹುದು.

ಪ್ರಾಚೀನ ವೈದ್ಯರಿಗೆ ಈ ರೋಗವು ನಾಚಿಕೆಯ ವಿಷಯವಾಗಿರಲಿಲ್ಲ. ಚರಕಸಂಹಿತೆಯಲ್ಲಿ ಮದಾತ್ಯಯ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ. ಬಹುದಿನದ ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಕಿತ್ತೊಗೆಯದೆ ಪಾದಾಂಶಕ್ರಮದಿಂದ, ಎಂದರೆ ಕಾಲುಕಾಲು ಭಾಗವಾಗಿ, ಬಿಡಿಸಬೇಕೆಂದು ಚರಕನ ಮತ. ಬಿಟ್ಟವನು ಮತ್ತೆ ಒಮ್ಮಿಂದೊಮ್ಮೆ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯಗಳೆಂಬ ಕಷ್ಟಸಾಧ್ಯ ರೋಗಗಳುಂಟಾಗುವುವೆಂದೂ ಅಲ್ಲಿ ಹೇಳಿದೆ. ಇಂದಿನ ವೈದ್ಯರ ಎಚ್ಚರಿಕೆಯೂ ಇದೇ ಜಾಡಿನದು: ಹಳೆಯ ಕುಡುಕನು ವೈದ್ಯರ ನೋಟವಿಲ್ಲದೆ ಫಕ್ಕನೆ ನಿಲ್ಲಿಸಿದರೆ ಪ್ರಾಣಾಪಾಯವಾಗಬಹುದು, ಹೆರಾಯಿನನ್ನು ಕೆಲಕಾಲ ಬಿಟ್ಟವನು ಮತ್ತೆ ಹಿಂದಿನ ಪ್ರಮಾಣದಲ್ಲೇ ತೆಗೆದುಕೊಂಡರೆ ಸಾಯಬಹುದು. ಆದುದರಿಂದ ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಪ್ರಮಾಣ ಮಾಡಿಸುವುದು ಇವು ಚಿಕಿತ್ಸೆಯಲ್ಲ. ಬೆಳ್ತಂಗಡಿ ತಾಲೂಕಿನವರಿಗೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಪರಿಚಿತವಾದುವು. ಅಲ್ಲಿ ಕುಡುಕನು ಒಬ್ಬಂಟಿಗನಲ್ಲ, ತನ್ನಂಥವರ ನಡುವೆ, ಊರವರ ಕಣ್ಣೆದುರಿಗೆ ಇದ್ದು ಬಿಡಲು ಯತ್ನಿಸುತ್ತಾನೆ; ಮನೆಯವರೂ ಬಂದು ಸೇರುತ್ತಾರೆ. ಹೊಸ ವಿಷಗಳಿಗೆ ಇಷ್ಟೇ ಸಾಲದು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆಗಳಲ್ಲಿರುವಂತಹ ಮಾನಸಿಕ ವೈದ್ಯರ ದೀರ್ಘಕಾಲದ ಚಿಕಿತ್ಸೆಯೂ ಬೇಕಾಗುವುದು. ಆದರೆ ಎರಡಕ್ಕೂ ಮೊದಲ ಮೆಟ್ಟಿಲು ಒಂದೇ. ಮುಚ್ಚಿದ ಕದವನ್ನು ತೆರೆಯುವುದು.

ಕೌಟಿಲ್ಯನ ಸುರಾಧ್ಯಕ್ಷನಿಂದ ಇಂದಿನ ಕಾಯಿದೆಯ ವರೆಗೆ ಅರಸರು ಅಂಗಡಿಯನ್ನು ತೆರೆದರು, ಮುಚ್ಚಿದರು, ತೆರಿಗೆಯನ್ನೆತ್ತಿದರು, ಸೆರೆಗೆ ಹಾಕಿದರು. ಈ ಎಲ್ಲದರಿಂದ ವಸ್ತುವಿನ ಹೆಸರೂ ದಾರಿಯೂ ಬೆಲೆಯೂ ಬದಲಾದುವು. ಬದಲಾಗದೆ ಉಳಿದುದು ಮನುಷ್ಯನ ದೌರ್ಬಲ್ಯ, ಮತ್ತು ಅದನ್ನು ಮೊದಲು ಕಾಣಬಲ್ಲ ಮನೆಯವರ ಕಣ್ಣು. ಕಳ್ಳಿನ ಕಾಲದಲ್ಲಿ ಊರು ಕಂಡು ಗದರಿಸುತ್ತಿತ್ತು. ಗುಳಿಗೆಯ ಕಾಲದಲ್ಲಿ ಊರಿಗೆ ಕಾಣಿಸದು. ಹಣದ ಲೆಕ್ಕ ತಪ್ಪುವುದು, ನಿದ್ದೆಯ ಹೊತ್ತು ತಪ್ಪುವುದು, ಹಳೆಯ ಸ್ನೇಹಿತರು ದೂರವಾಗುವುದು, ಮಾತು ಕಡಿಮೆಯಾಗುವುದು ಇವು ಪೋಲೀಸರಿಗೆ ಕಾಣತಕ್ಕವಲ್ಲ, ಜೊತೆಯಲ್ಲಿ ಕುಳಿತು ಉಣ್ಣುವವರಿಗೆ ಕಾಣತಕ್ಕವು. ಕಂಡವರು ಮಾನಕ್ಕಂಜಿ ಸುಮ್ಮನಾದರೆ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ವ್ಯಸನಿಯನ್ನು ಶ್ರೇಯಸ್ಸಿನಿಂದ ಆಚೆಗೆ ಎಸೆಯುವುದು ವಿಷದ ಕೆಲಸ. ಮನೆಯವರೂ ಅವನನ್ನು ಇನ್ನಷ್ಟು ದೂರಕ್ಕೆ ಎಸೆಯಬಾರದು.